ಹೆಸರಿನಲ್ಲಿ ಎಡವಿದವರು ದಡ್ಡರಲ್ಲ

ಕಾಲೇಜಿನ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡಲು ಪುಟ್ಟ ವೆಬ್‌ಸೈಟ್ ಮಾಡೋಣವೆಂದು ದಸರಾ ರಜೆಯಲ್ಲಿ ನಾವು ಮೂವರು ಕುಳಿತೆವು. ಪೈಥಾನ್ ಅಷ್ಟಿಷ್ಟು ಗೊತ್ತಿದ್ದರಿಂದ ಅದರಲ್ಲೇ ಬರೆದಿರುವ ಜ್ಯಾಂಗೊ ಎಂಬ ಫ್ರೇಮ್‌ವರ್ಕ್ ಆರಿಸಿಕೊಂಡೆವು. ಮೊದಲ ದಿನವೇ ಎಡವಿದೆವು. ಲಾಜಿಕ್‌ನಲ್ಲಿ ಅಲ್ಲ, ಹೆಸರುಗಳಲ್ಲಿ.

ಪುಸ್ತಕಗಳು ಬಹಳ ಇವೆಯಲ್ಲ ಎಂದು ಮಾಡೆಲ್‌ಗೆ ‘ಬುಕ್ಸ್’ ಎಂದು ಹೆಸರಿಟ್ಟೆ. ಅಡ್ಮಿನ್ ಪುಟದಲ್ಲಿ ಅದರ ಕೊನೆಗೆ ಎರಡು ಎಸ್ ಬಂದವು! ಮಾಡೆಲ್ ಹೆಸರು ಏಕವಚನದಲ್ಲಿರಬೇಕು, ಬಹುವಚನಕ್ಕೆ ಜ್ಯಾಂಗೊ ತಾನೇ ಒಂದು ಎಸ್ ಅಂಟಿಸುತ್ತದೆ ಎಂದು ಆಮೇಲೆ ತಿಳಿಯಿತು.

ಪುಸ್ತಕ ಕೊಟ್ಟ ಲೆಕ್ಕಕ್ಕೆ ‘ಇಶ್ಯೂ’ ಎಂಬ ಇನ್ನೊಂದು ಮಾಡೆಲ್ ಮಾಡಿ, ಅದನ್ನು ಪುಸ್ತಕಕ್ಕೆ ಜೋಡಿಸಿದೆವು. ಒಂದು ಪುಸ್ತಕವನ್ನು ಯಾರು ಯಾರು ಒಯ್ದಿದ್ದಾರೆಂದು ನೋಡಲು ‘ಇಶ್ಯೂ_ಸೆಟ್’ ಎಂದು ಬರೆಯಬೇಕಂತೆ. ಈ ಹೆಸರು ಎಲ್ಲಿಂದ ಬಂತೆಂದು ಎಲ್ಲ ಫೈಲುಗಳನ್ನೂ ಜಾಲಾಡಿದೆವು. ಎಲ್ಲೂ ಇಲ್ಲ. ನಾವಿಟ್ಟ ಹೆಸರಿಗೆ ಬಾಲ ಸೇರಿಸಿ ಫ್ರೇಮ್‌ವರ್ಕೇ ಅದನ್ನು ಹುಟ್ಟಿಸಿಕೊಂಡಿತ್ತು.

ಇನ್ನು ‘ವ್ಯೂ’. ಹೆಸರು ಕೇಳಿದರೆ ಕಣ್ಣಿಗೆ ಕಾಣುವ ಪುಟ ಎನಿಸುತ್ತದೆ. ಜ್ಯಾಂಗೊದಲ್ಲಿ ಪುಟದ ರೂಪ ಇರುವುದು ಟೆಂಪ್ಲೇಟ್‌ನಲ್ಲಿ. ಬಂದ ಕೋರಿಕೆಗೆ ಉತ್ತರ ಸಿದ್ಧಪಡಿಸುವ ಕೋಡ್‌ಗೆ ವ್ಯೂ ಎನ್ನುತ್ತಾರೆ. ಹೆಚ್ಚುಕಡಿಮೆ ಇದೇ ಕೆಲಸಕ್ಕೆ ರೈಲ್ಸ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಕಂಟ್ರೋಲರ್ ಎಂಬ ಹೆಸರು.

ಇಂಥ ಪದ್ಧತಿಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾಜಾಜಿನಗರದಲ್ಲೂ 1ನೇ ಮೇನ್ ಇದೆ, ವಿಜಯನಗರದಲ್ಲೂ ಇದೆ. ಹೊಸಬರು ಒಮ್ಮೆ ದಾರಿ ತಪ್ಪುತ್ತಾರೆ. ಮೇನ್, ಕ್ರಾಸ್ ಲೆಕ್ಕ ಹಿಡಿತಕ್ಕೆ ಬಂದ ಮೇಲೆ ಯಾರನ್ನೂ ಕೇಳದೆ ಮನೆ ಹುಡುಕುತ್ತಾರೆ. 2004ರಲ್ಲಿ ಬಂದ ರೈಲ್ಸ್ ಇದನ್ನೇ ತನ್ನ ತತ್ವ ಮಾಡಿಕೊಂಡಿತು: ಒಪ್ಪಿದ ಪದ್ಧತಿಯಲ್ಲಿ ಹೆಸರಿಟ್ಟರೆ ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕಿಲ್ಲ. ಅದರಿಂದ ಕೆಲಸ ಉಳಿಯುತ್ತದೆ, ನಿಜ. ಆದರೆ ಯಾವ ಹೆಸರು ಕಡ್ಡಾಯ, ಯಾವುದು ಬರೀ ರೂಢಿ, ಯಾವುದು ನಮ್ಮಿಷ್ಟ ಎಂದು ಹೊಸಬರಿಗೆ ಮೊದಲೇ ಹೇಳುವವರು ಕಡಿಮೆ.

ಮೇಲಾಗಿ ಈ ಪದ್ಧತಿಗಳೆಲ್ಲ ನಿಂತಿರುವುದು ಇಂಗ್ಲಿಷ್ ವ್ಯಾಕರಣದ ಮೇಲೆ. ‘ಪರ್ಸನ್’ ಎಂಬ ಮಾಡೆಲ್ ಇದ್ದರೆ ರೈಲ್ಸ್ ‘ಪೀಪಲ್’ ಎಂಬ ಟೇಬಲ್ ಹುಡುಕುತ್ತದೆ. ಕನ್ನಡದಲ್ಲಿ ಪುಸ್ತಕಕ್ಕೆ ‘ಗಳು’ ಸೇರಿಸಿದರೆ ಮುಗಿಯಿತು. ಉರ್ದುವಿನಲ್ಲಿ ಕಿತಾಬ್ ‘ಕಿತಾಬೇಂ’ ಆಗುತ್ತದೆ. ಅರಬ್ಬಿಯಲ್ಲಿ ಒಳಗಿನ ಸ್ವರಗಳೇ ಬದಲಾಗಿ ‘ಕುತುಬ್’ ಆಗುತ್ತದೆ. ಗ್ರಂಥಾಲಯವನ್ನು ಕುತುಬ್‌ಖಾನಾ ಎನ್ನುವುದು ಅದರಿಂದಲೇ. ಇಷ್ಟು ಬಗೆಯ ಬಹುವಚನ ಬಲ್ಲವನು ಒಂದು ಎಸ್ ಮುಂದೆ ಪೆದ್ದನಾಗಿ ನಿಲ್ಲಬೇಕೇ?

ನಮ್ಮ ಮೂವರಲ್ಲಿ ಒಬ್ಬ ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವನು. ತರಗತಿಯಲ್ಲಿ ಲೂಪ್ ಲೆಕ್ಕಗಳನ್ನು ನಮಗಿಂತ ಮೊದಲು ಬಿಡಿಸುತ್ತಿದ್ದವನು. ಎರಡನೇ ದಿನ ಸಂಜೆ, “ಇದು ನನ್ನ ಕೈಲಾಗಲ್ಲ ಬಿಡ್ರೋ” ಎಂದು ಎದ್ದು ಹೋದ. ತಪ್ಪು ಅವನ ತಲೆಯಲ್ಲಿರಲಿಲ್ಲ, ನಮಗ್ಯಾರಿಗೂ ಗೊತ್ತಿರದ ಒಂದು ಪದ್ಧತಿಯಲ್ಲಿತ್ತು. ಆ ಹೊತ್ತಿನಲ್ಲಿ ಅವನಿಗೆ ಅದನ್ನು ಹೇಳಲು ನನಗೆ ತಿಳಿಯಲಿಲ್ಲ.

ಪರಿಹಾರ ಜ್ಯಾಂಗೊದಲ್ಲೇ ಇತ್ತು. ಬಹುವಚನ ಹೇಗೆ ಕಾಣಬೇಕೆಂದು ನಾವೇ ಹೇಳಬಹುದು. ಮಾಡೆಲ್ ಹೆಸರನ್ನು ‘ಬುಕ್’ ಎಂದು ತಿದ್ದಿ, ಅಡ್ಮಿನ್ ಪುಟದಲ್ಲಿ ತೋರಿಸಲು ‘ಪುಸ್ತಕಗಳು’ ಎಂದು ಕನ್ನಡದಲ್ಲೇ ಬರೆದೆವು, ಹಾಗೆಯೇ ಬಂತು. ‘ಇಶ್ಯೂ_ಸೆಟ್’ ಬದಲು ನಮಗೆ ಅರ್ಥವಾಗುವ ಬೇರೆ ಹೆಸರನ್ನೂ ಕೊಡಬಹುದು. ಇದನ್ನು ತೋರಿಸಲು ಅವನನ್ನು ಕರೆದೆ. ಬಂದ. ಈಗ ಹುಡುಕುವ ಭಾಗವನ್ನು ಅವನೇ ಬರೆಯುತ್ತಿದ್ದಾನೆ.

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಲ್ಯಾಬ್‌ನ ಬಾಗಿಲ ಪಕ್ಕದ ಗೋಡೆ ಖಾಲಿ ಇದೆ. ‘ಕಡ್ಡಾಯ’, ‘ರೂಢಿ’, ‘ನಿಮ್ಮಿಷ್ಟ’ ಎಂದು ಮೂರು ಕಾಲಂಗಳ ಒಂದು ಚಾರ್ಟ್ ಹಾಕಲು ಅನುಮತಿ ಕೊಡಿ. ಕನ್ನಡದಲ್ಲಿ ನಾನು ಬರೆಯುತ್ತೇನೆ, ಉರ್ದುವಿನಲ್ಲಿ ಅವನು ಬರೆಯುತ್ತಾನೆ. ಮುಂದಿನ ವರ್ಷ ಬರುವವರು ಎಡವಿದಾಗ, ಎದ್ದು ಹೋಗುವ ಮೊದಲು ಆ ಗೋಡೆಯನ್ನಾದರೂ ನೋಡಲಿ.