ಮಾರಿಷಸ್ಸಿನ ಸೆಗಾ: ಮನ್ನಣೆ ಮತ್ತು ಬದುಕು

ಪರಂಪರೆಗೆ ಮನ್ನಣೆ ದೊರೆತೊಡನೆ ಅದು ಸುರಕ್ಷಿತವಾಯಿತೆಂದು ಭಾವಿಸುವುದು ಸರಿಯಲ್ಲ. ಮಾರಿಷಸ್ ದ್ವೀಪದ ಸೆಗಾ ಸಂಗೀತ ಇದಕ್ಕೊಂದು ನಿದರ್ಶನ. ಆಫ್ರಿಕಾ, ಮಡಗಾಸ್ಕರ್‌ಗಳಿಂದ ತರಲ್ಪಟ್ಟ ಗುಲಾಮರ ನಡುವೆ ಹುಟ್ಟಿದ ಈ ಕ್ರಿಯೋಲ್ ಹಾಡಿಗೆ ರಾವಾನ್ ಎಂಬ ಆಡಿನ ಚರ್ಮದ ವಾದ್ಯವೇ ಜೀವಾಳ. ನುಡಿಸುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. 1835ರಲ್ಲಿ ಗುಲಾಮಗಿರಿ ರದ್ದಾಯಿತು; ಹಾಡು ಉಳಿಯಿತು.

1980ರ ದಶಕದಲ್ಲಿ ಕಾಯಾ ಎಂದೇ ಹೆಸರಾದ ಜೋಸೆಫ್ ರೆಜಿನಾಲ್ಡ್ ತೋಪೀಜ್ ಅವರು ಸೆಗಾವನ್ನು ಜಮೈಕಾದ ರೆಗೆಯೊಡನೆ ಬೆಸೆದು 'ಸೆಗೆ' ಎಂಬ ಹೊಸ ಪ್ರಕಾರವನ್ನು ರೂಢಿಗೆ ತಂದರು. ಶುದ್ಧತೆಯ ಪಕ್ಷಪಾತಿಗಳು ಇದನ್ನು ಬೆರಕೆ ಎನ್ನಬಹುದು. ಆದರೆ ದೀನರ ಸಂಕಟಕ್ಕೆ ದನಿಯಾಗುವ ಸೆಗಾದ ಮೂಲಧರ್ಮ ಮುಂದುವರಿದದ್ದು ಈ ಬೆರಕೆಯಲ್ಲಿಯೇ ಎಂಬುದು ನನ್ನ ನಂಬಿಕೆ. 1999ರ ಫೆಬ್ರವರಿಯಲ್ಲಿ ಕಾಯಾ ಪೊಲೀಸ್ ಬಂಧನದಲ್ಲಿ ಮೃತರಾದಾಗ ದ್ವೀಪದಲ್ಲೆಲ್ಲ ಗಲಭೆ ಹಬ್ಬಿತು. ಬರಿಯ ಮನರಂಜಕನೊಬ್ಬನ ಸಾವಿಗೆ ಜನ ಹಾಗೆ ಕೆರಳುವುದಿಲ್ಲ.

ಯುನೆಸ್ಕೋ 2014ರಲ್ಲಿ ಸೆಗಾವನ್ನು, 2016ರಲ್ಲಿ ಭೋಜಪುರಿ ಹೆಂಗಸರ ಮದುವೆಯ ಹಾಡುಗಳಾದ ಗೀತ್-ಗವಾಯಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಪ್ರವಾಸಿಗರೆದುರು ಹೋಟೆಲುಗಳಲ್ಲಿ ನಡೆಯುವ ಕುಣಿತವಷ್ಟೇ ಸೆಗಾ ಎನಿಸಿದರೆ ಆ ಮನ್ನಣೆ ವ್ಯರ್ಥ. ಹೊಸ ತಲೆಮಾರು ತನ್ನ ನೋವನ್ನು ಅದರಲ್ಲಿ ಹಾಡಿಕೊಳ್ಳುವವರೆಗೆ ಮಾತ್ರ ಅದು ಬದುಕಿರುತ್ತದೆ. ಹೊರನಾಡಿನಲ್ಲಿ ಹಾಡುಗಳನ್ನು ಕಾಪಾಡಿಕೊಂಡು ಬಂದಿರುವ ನಾವೂ ಇದನ್ನು ಮನಗಾಣಬೇಕು.