ಪೊಲೀಸರಿಗೆ ಸುಳ್ಳು ಹೇಳಿದ್ದು ಯಾರು?

ರೋಗನಿರೋಧಕ ಶಕ್ತಿ ಎಂದರೇನೆಂದು ಮಕ್ಕಳಿಗೆ ಕನ್ನಡದಲ್ಲಿ ಹೇಳಲು ಹೋಗಿದ್ದೀರಾ? ಹೋದ ವಾರ ಆಸ್ಟಿನ್‌ನ ನಮ್ಮ ಮನೆಯಲ್ಲಿ ನಾನು ಹೋಗಿ ಸಿಕ್ಕಿಬಿದ್ದೆ. "ಮೈಯೊಳಗಿನ ಪೊಲೀಸರು ಕಳ್ಳರನ್ನು ಬಿಟ್ಟು ಮನೆಯವರಿಗೇ ಹೊಡೆದರೆ ಅದು ಆಟೋಇಮ್ಯೂನ್ ಕಾಯಿಲೆ" ಅಂದೆ. ಏಳು ವರ್ಷದ ಮಗಳು ಕೇಳಿದಳು: "ಪೊಲೀಸ್‌ಗೆ ಸುಳ್ಳು ಹೇಳಿದ್ದು ಯಾರಮ್ಮ?"

ವಿಜ್ಞಾನಿಗಳು ದಶಕಗಳಿಂದ ಕೇಳುತ್ತಿರುವುದೂ ಇದನ್ನೇ. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ, ಬೆನ್ನುಮೂಳೆ ಬಿಗಿಯುವ ಕಾಯಿಲೆಯನ್ನೇ ನೋಡಿ. ಎಚ್‌ಎಲ್‌ಎ-ಬಿ27 ವಂಶವಾಹಿಗೂ ಅದಕ್ಕೂ ನಂಟಿದೆಯೆಂದು 1973ರಲ್ಲೇ ಗೊತ್ತಾಗಿತ್ತು. 1990ರಲ್ಲಿ ಡಲ್ಲಾಸ್‌ನ ಯುಟಿ ಸೌತ್‌ವೆಸ್ಟರ್ನ್‌ನಲ್ಲಿ ಜೋಯಲ್ ಟಾರೋಗ್ ಅವರ ತಂಡ ಮನುಷ್ಯರ ಆ ವಂಶವಾಹಿಯನ್ನು ಇಲಿಗಳಿಗೆ ಸೇರಿಸಿತು. ಇಲಿಗಳ ಕರುಳು, ಕೀಲುಗಳಲ್ಲಿ ಉರಿಯೂತ ಕಾಣಿಸಿತು. ಅಂಥವೇ ಇಲಿಗಳನ್ನು ಒಂದೂ ಸೂಕ್ಷ್ಮಾಣು ಇಲ್ಲದ ಕಡೆ ಸಾಕಿದಾಗ ಕರುಳೂ ಕೀಲೂ ಚೆನ್ನಾಗಿಯೇ ಇದ್ದವು! ಹ್ಯೂಸ್ಟನ್‌ನ ಜಾನ್ ರೆವೀಲ್ ಮತ್ತು ಸಂಗಡಿಗರು ರೋಗಿಗಳ ಡಿಎನ್‌ಎಯಲ್ಲಿ ಇನ್ನಷ್ಟು ವಂಶವಾಹಿಗಳನ್ನು ಪತ್ತೆಹಚ್ಚಿದರು.

2022ರಲ್ಲಿ ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್, ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ರೋಗಿಗಳ ಕೀಲು, ಕಣ್ಣುಗಳಲ್ಲಿ ಸಿಕ್ಕ ಟಿ ಕೋಶಗಳು ಏನನ್ನು ಕಂಡರೆ ಕೆರಳುತ್ತವೆಂದು ಪರೀಕ್ಷಿಸಿದರು. ಬಿ27 ಹಿಡಿದು ತೋರಿಸುವ ಪ್ರೋಟೀನ್ ತುಣುಕುಗಳ ಪೈಕಿ ಬ್ಯಾಕ್ಟೀರಿಯಾದ ಕೆಲವಕ್ಕೂ ನಮ್ಮದೇ ದೇಹದ ಕೆಲವಕ್ಕೂ ಅವು ಸ್ಪಂದಿಸಿದವು. ಅಪರಾಧಿ ಸಿಕ್ಕಿಬಿದ್ದ ಅನ್ನುವಂತಿಲ್ಲ, ಶಂಕಿತರ ಪಟ್ಟಿ ಚಿಕ್ಕದಾಯಿತು ಅಷ್ಟೆ. ಮಗಳಿಗೆ ಹೇಳಿದೆ: "ಯಾರೂ ಸುಳ್ಳು ಹೇಳಿಲ್ಲ ಪುಟ್ಟಿ, ಕಳ್ಳನೂ ಮನೆಯವರೂ ಒಂದೇ ಥರ ಕಂಡುಬಿಟ್ರು."

(ಬಿ27 ಇರುವ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದೇ ಇಲ್ಲ. ಇದನ್ನೋದಿ ಮಕ್ಕಳಿಗೆಲ್ಲ ರಕ್ತಪರೀಕ್ಷೆ ಮಾಡಿಸಲು ಓಡಬೇಡಿ.)

ಆದರೆ ಮನೆಯ ಚರಿತ್ರೆ ಬೇಕು. ಇಲ್ಲಿ ಡಾಕ್ಟರು ಕೇಳಿದಾಗ ನಾವು "ಅಪ್ಪನಿಗೆ ಬೆನ್ನುನೋವು" ಎಂದು ಒಂದೇ ಮಾತಲ್ಲಿ ಮುಗಿಸುತ್ತೇವೆ. ಹರೆಯದಲ್ಲೇ ಶುರುವಾಯಿತೇ, ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿಯೇ, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುತ್ತದೆಯೇ? ಭಾನುವಾರದ ಫೋನಿನಲ್ಲಿ ಇವನ್ನು ಕೇಳಲು ಮಕ್ಕಳಿಗೇ ಬಿಡಿ. ನಮಗೆ ಹೇಳದ್ದನ್ನು ತಾತಂದಿರು ಅವರಿಗೆ ಹೇಳುತ್ತಾರೆ.

ನನ್ನ ಮಗಳು ತಡವರಿಸುತ್ತಲೇ ಕೇಳಿದಳು: "ತಾತ, ಬೆನ್ನು ಎಷ್ಟೊತ್ತು ಬಿಗಿ ಇರುತ್ತೆ?"

"ಸ್ನಾನ ಮುಗಿಯೋವರೆಗೂ ಪುಟ್ಟಿ."

"ಯಾವಾಗಿಂದ?"

"ನಿಮ್ಮಮ್ಮ ಹುಟ್ಟೋಕೆ ಮುಂಚೆಯಿಂದ."

ಅದೆಲ್ಲ ಸೈಕಲ್ ತುಳಿದ ನೋವೆಂದೇ ನಾನು ನಂಬಿದ್ದೆ. ಮರುದಿನ ಬೆಳಗ್ಗೆ ಅಣ್ಣ ಅಪ್ಪನನ್ನು ಕೀಲುರೋಗ ತಜ್ಞರ ಬಳಿ ಕರೆದುಕೊಂಡು ಹೋದ.