ಡಿವಿಷನ್ ತ್ರೀ ಅಂದ್ರೆ ಥರ್ಡ್ ಕ್ಲಾಸ್ ಅಲ್ಲ ದೊಡ್ಡಪ್ಪ

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ದೊಡ್ಡಪ್ಪನ ಫೋನ್ ಬಂತು. ನಮ್ಮ ಕಡೆ ಆ ಹೊತ್ತಿನಲ್ಲಿ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ಅಮ್ಮ ಗಾಬರಿಯಿಂದ ಎದ್ದು ಕೂತರು. ದೊಡ್ಡಪ್ಪ ಕೇಳಿದ್ದು ಇಷ್ಟೇ: ‘ನೀನು ಬಿ.ಇ. ಓದ್ತಿದೀಯಲ್ಲಪ್ಪ, ನಿಜ ಹೇಳು. ಥರ್ಡ್ ಡಿವಿಷನ್ ಕಾಲೇಜಿಗೆ ನಲವತ್ತು ಲಕ್ಷ ಸಾಲ ಮಾಡೋದು ಸರೀನಾ?’

ದೊಡ್ಡಪ್ಪನ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. ಅವಳಿಗೆ ಬೇಕಾದ ಲ್ಯಾಬ್ ಇದ್ದದ್ದು ಒಂದರಲ್ಲಿ ಮಾತ್ರ. ಆ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದ ದೊಡ್ಡಪ್ಪನ ಕಣ್ಣಿಗೆ ಬಿದ್ದದ್ದು ‘ಎನ್‌ಸಿಎಎ ಡಿವಿಷನ್ ತ್ರೀ’ ಎಂಬ ಸಾಲು. ಇನ್ನೊಂದರ ಮುಂದೆ ‘ಡಿವಿಷನ್ ಒನ್’ ಎಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್ ನೋಡಿ ಬೆಳೆದವರು ಅದನ್ನು ಬೇರೆ ಹೇಗೆ ಓದಿಕೊಳ್ಳಬೇಕು? ಮನೆಪತ್ರ ಬ್ಯಾಂಕಿನಲ್ಲಿಡುವ ಮೊದಲು ಕೇಳಿದ್ದೂ ನ್ಯಾಯವೇ. ‘ಬೆಳಿಗ್ಗೆ ಹೇಳ್ತೀನಿ ದೊಡ್ಡಪ್ಪ’ ಎಂದೆ. ನನಗೂ ಗೊತ್ತಿರಲಿಲ್ಲ, ಅದಕ್ಕೆ.

ಆ ರಾತ್ರಿ ಓದಿದ ಮೇಲೆ ತಿಳಿಯಿತು. ಎನ್‌ಸಿಎಎ ಎಂಬುದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ. 1906ರಲ್ಲಿ ಶುರುವಾಗಿದ್ದು. ಈಗ ಸುಮಾರು 1,100 ಕಾಲೇಜುಗಳು ಅದರಲ್ಲಿವೆ. 1973ರಲ್ಲಿ ಇವನ್ನು ಮೂರು ಡಿವಿಷನ್ ಮಾಡಿದರು. ಪಾಠಕ್ಕೂ ಪ್ರಯೋಗಾಲಯಕ್ಕೂ ಕೆಲಸಕ್ಕೂ ಈ ವಿಂಗಡಣೆಗೂ ಸಂಬಂಧವೇ ಇಲ್ಲ. ಕಾಲೇಜು ಎಷ್ಟು ತಂಡ ಕಟ್ಟುತ್ತದೆ, ಆಟಕ್ಕೆ ಎಷ್ಟು ಹಣ ಇಡುತ್ತದೆ, ಆಟಗಾರರಿಗೆ ಆಟದ ಹೆಸರಿನಲ್ಲಿ ಸ್ಕಾಲರ್‌ಶಿಪ್ ಕೊಡುತ್ತದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಮೊದಲ ಡಿವಿಷನ್ ಸೇರಬೇಕಾದರೆ ಕನಿಷ್ಠ 14 ಕ್ರೀಡೆಗಳ ತಂಡ ಇರಬೇಕು. ಮೂರನೆಯದರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತೆಯೇ ಇಲ್ಲ. ಯಾವ ಡಿವಿಷನ್ ಬೇಕೆಂಬುದು ಕಾಲೇಜಿನದೇ ಆಯ್ಕೆ. ಯಾರೋ ಪರೀಕ್ಷೆ ಮಾಡಿ ಕೊಟ್ಟ ದರ್ಜೆ ಅಲ್ಲ.

ಹಾಗಾದರೆ ಈ ‘ಮೂರನೇ ದರ್ಜೆ’ಯಲ್ಲಿ ಯಾರಿದ್ದಾರೆ ಎಂದು ನೋಡಿದೆ. ಎಂಐಟಿ ಇದೆ! ಕ್ಯಾಲ್ಟೆಕ್ ಇದೆ. ನಮ್ಮ ಹುಡುಗರು ಅರ್ಜಿ ಹಾಕಿ ಮೇಲ್ ಬಾಕ್ಸ್ ಕಾಯುವ ಕಾರ್ನೆಗಿ ಮೆಲನ್, ನ್ಯೂಯಾರ್ಕ್ ಯೂನಿವರ್ಸಿಟಿ ಇವೆ. ಕ್ಯಾಲ್ಟೆಕ್‌ನ ಬ್ಯಾಸ್ಕೆಟ್‌ಬಾಲ್ ಕಥೆ ಓದಿ ನಕ್ಕೂ ನಕ್ಕೂ ಸಾಕಾಯಿತು. ಪುರುಷರ ತಂಡ ತನ್ನ ಲೀಗಿನಲ್ಲಿ 26 ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಸತತ 310 ಸೋಲು. 2011ರ ಫೆಬ್ರುವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ, ಒಂದೇ ಅಂಕದಲ್ಲಿ ಸೋಲಿಸಿದಾಗ ಅಲ್ಲಿ ಹಬ್ಬ. 310 ಸಲ ಸೋತೂ ಮತ್ತೆ ಶೂ ಕಟ್ಟಿಕೊಂಡು ಕಣಕ್ಕಿಳಿದ ಆ ಹುಡುಗರ ಮೇಲೆ, ಸುಳ್ಳೇಕೆ ಹೇಳಲಿ, ಗೆದ್ದವರಿಗಿಂತ ಹೆಚ್ಚು ಗೌರವ ಬಂತು.

ಶಿಕಾಗೊ ವಿಶ್ವವಿದ್ಯಾಲಯದ ಕಥೆ ಇನ್ನೂ ವಿಚಿತ್ರ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್ವಾಂಗರ್ ಅಲ್ಲಿಯವರು. ಅದಾಗಿ ನಾಲ್ಕೇ ವರ್ಷಕ್ಕೆ, 1939ರಲ್ಲಿ, ವಿಶ್ವವಿದ್ಯಾಲಯ ಫುಟ್‌ಬಾಲ್ ತಂಡವನ್ನೇ ನಿಲ್ಲಿಸಿಬಿಟ್ಟಿತು. ದಶಕಗಳ ನಂತರ ಆಟ ಮರಳಿತು, ಮೊದಲಿನ ಆಡಂಬರವಿಲ್ಲದೆ. ಇವತ್ತು ಅದು ಡಿವಿಷನ್ ತ್ರೀ. ಇದನ್ನು ಕೆಳಗೆ ಬಿದ್ದದ್ದು ಅನ್ನುವುದೋ, ತಾನಾಗಿ ಇಳಿದದ್ದು ಅನ್ನುವುದೋ?

ನಾವು ಬಾಯ್ತುಂಬ ಹೇಳುವ ‘ಐವಿ ಲೀಗ್’ ಕೂಡ ಮೂಲದಲ್ಲಿ ಕ್ರೀಡಾ ಒಕ್ಕೂಟದ ಹೆಸರು. ಹಾರ್ವರ್ಡ್, ಯೇಲ್ ಸೇರಿ ಎಂಟು ವಿಶ್ವವಿದ್ಯಾಲಯಗಳು ಪರಸ್ಪರ ಆಡಲು ಮಾಡಿಕೊಂಡದ್ದು. ಇವು ಡಿವಿಷನ್ ಒನ್‌ನಲ್ಲಿದ್ದೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಂದಮೇಲೆ ಅಂಕಿ ನೋಡಿ ಏನನ್ನು ತಿಳಿಯಲು ಸಾಧ್ಯ?

ಅಮೆರಿಕದಲ್ಲೂ ಇದನ್ನು ದೊಡ್ಡಪ್ಪನ ಹಾಗೆಯೇ ಓದುವವರಿದ್ದಾರೆ ಎನ್ನುವುದು ಸ್ವಲ್ಪ ಸಮಾಧಾನ. ಡಿವಿಷನ್ ಒನ್ ಅಂದರೆ ಆಟವೇ ಆಟ, ಪುಸ್ತಕ ಮುಟ್ಟದ ಹುಡುಗರು. ಡಿವಿಷನ್ ತ್ರೀ ಅಂದರೆ ಎಲ್ಲೂ ಜಾಗ ಸಿಗದವರು. ಡಿವಿಷನ್ ಟೂ ಅತ್ತ ಅಲ್ಲ, ಇತ್ತ ಅಲ್ಲ, ಅದರ ಬಗ್ಗೆ ಬೈಯುವವರೂ ಕಡಿಮೆ, ಪಾಪ.

ಈ ಮಾತುಗಳು ಗಾಳಿಯಲ್ಲಿ ಹುಟ್ಟಿದ್ದಲ್ಲ. ಡಿವಿಷನ್ ಒನ್‌ನಲ್ಲಿ ಹರಿಯುವ ಹಣ ನಮ್ಮ ಊಹೆಗೆ ಮೀರಿದ್ದು. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ಚಿನ್ನಸ್ವಾಮಿ ಎರಡು ಸಲ ತುಂಬಿದರೂ ಅಷ್ಟಾಗದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2 ಕೋಟಿ ಡಾಲರ್. ಇಷ್ಟು ಹಣವಿದ್ದಲ್ಲಿ ಪಾಠ ಬದಿಗೆ ಸರಿಯುವುದೂ ಉಂಟು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಹಾಜರಾತಿಯೇ ಬೇಡದ ಹೆಸರಿಗಷ್ಟೇ ಕೋರ್ಸುಗಳು 18 ವರ್ಷ ನಡೆದದ್ದು 2014ರ ತನಿಖಾ ವರದಿಯಿಂದ ಹೊರಬಂತು. ಲಾಭ ಪಡೆದ 3,000ಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಕ್ರೀಡಾಪಟುಗಳು ಬಹಳ ಮಂದಿ.

ಆದರೆ ಅದೇ ಡಿವಿಷನ್ ಒನ್‌ನ ಪೆನ್ ಸ್ಟೇಟ್‌ನಲ್ಲಿ ಫುಟ್‌ಬಾಲ್ ಆಡಿದ ಜಾನ್ ಅರ್ಶೆಲ್, ಅಲ್ಲಿಯೇ ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಾಲ್ಟಿಮೋರ್ ರೇವನ್ಸ್ ಪರ ವೃತ್ತಿಪರ ಫುಟ್‌ಬಾಲ್ ಆಡುತ್ತಲೇ ಎಂಐಟಿಯಲ್ಲಿ ಪಿಎಚ್.ಡಿ. ಶುರು ಮಾಡಿ, 2017ರಲ್ಲಿ ಆಟ ಬಿಟ್ಟು ಅದನ್ನು ಮುಗಿಸಿದರು. ಈಗ ಅಲ್ಲೇ ಪಾಠ ಮಾಡುತ್ತಾರೆ. ಇತ್ತ ಡಂಕನ್ ರಾಬಿನ್ಸನ್ ಡಿವಿಷನ್ ತ್ರೀಯ ಪುಟ್ಟ ವಿಲಿಯಮ್ಸ್ ಕಾಲೇಜಿನಲ್ಲಿ ಆಡಲು ಶುರುಮಾಡಿ, ಮಿಷಿಗನ್ ಮೂಲಕ ಹಾದು, 2020ರಲ್ಲಿ ಮಯಾಮಿ ಹೀಟ್ ಪರ ಎನ್‌ಬಿಎ ಫೈನಲ್ಸ್ ಆಡಿದರು. ‘ಎಲ್ಲೂ ಜಾಗ ಸಿಗದವರು’!

ಬೆಳಿಗ್ಗೆ ದೊಡ್ಡಪ್ಪನಿಗೆ ಎಂಐಟಿಯ ಹೆಸರೊಂದನ್ನು ಹೇಳಿದೆ. ಉಳಿದದ್ದು ಬೇಕಾಗಲಿಲ್ಲ. ಸಾಲದ ಅರ್ಜಿಗೆ ಸಹಿ ಬಿತ್ತು.

ಫೋನ್ ಇಟ್ಟ ಮೇಲೆ ನನಗೆ ನನ್ನ ವಿಷಯ ನೆನಪಾಯಿತು. ನಾನು ಓದುತ್ತಿರುವುದು ವಿಟಿಯು ವ್ಯಾಪ್ತಿಯ, ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ. ಇದಕ್ಕೆ ಎಲ್ಲರೂ ಇಟ್ಟಿರುವ ಹೆಸರು ‘ಟಯರ್ ತ್ರೀ’. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ನಮ್ಮ ಎನ್‌ಬಿಎ (ಬ್ಯಾಸ್ಕೆಟ್‌ಬಾಲಿನದಲ್ಲ) ನಿಜಕ್ಕೂ ಟಯರ್ ಎಂಬ ಪದ ಬಳಸುತ್ತದೆ. ಸ್ವಾಯತ್ತ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳ ಕೋರ್ಸುಗಳು ಟಯರ್ ಒನ್, ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ, ಸ್ವಾಯತ್ತವಲ್ಲದ ಕಾಲೇಜುಗಳ ಕೋರ್ಸುಗಳು ಟಯರ್ ಟೂ. ಸಿಲಬಸ್ ಯಾರು ಮಾಡುತ್ತಾರೆ, ಪರೀಕ್ಷೆ ಯಾರು ನಡೆಸುತ್ತಾರೆ ಎಂಬುದರ ಮೇಲಿನ ವಿಂಗಡಣೆ ಅದು. ಟಯರ್ ತ್ರೀ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಆದರೂ ಕಳೆದ ಸೆಮಿಸ್ಟರ್‌ನಲ್ಲಿ ಕಂಪನಿಯೊಂದರ ಇಂಟರ್ನ್‌ಶಿಪ್ ಅರ್ಜಿ ತುಂಬುವಾಗ ಕಾಲೇಜುಗಳ ಪಟ್ಟಿಯಲ್ಲಿ ನಮ್ಮದು ಇರಲಿಲ್ಲ. ‘ಅದರ್ಸ್’ ಒತ್ತಿದೆ. ಉತ್ತರ ಬರಲಿಲ್ಲ. ನನ್ನ ರೆಸ್ಯೂಮೆಯೇ ಚೆನ್ನಾಗಿರಲಿಲ್ಲವೋ ಏನೋ. ಆದರೆ ಯಾರಾದರೂ ತೆರೆದು ನೋಡಿ ಹಾಗೆ ಹೇಳಿದ್ದರೆ ನನ್ನದೇನೂ ತಕರಾರಿರುತ್ತಿರಲಿಲ್ಲ.

ನಾನು ಕಾಲೇಜಿನ ವಾಲಿಬಾಲ್ ತಂಡದಲ್ಲೂ ಇದ್ದೇನೆ. ಹಾಗಾಗಿ ಎರಡೂ ಹಣೆಪಟ್ಟಿ ನನಗಿವೆ. ಪಂದ್ಯ ಮುಗಿಸಿ ಕ್ಲಾಸಿಗೆ ಬಂದರೆ ‘ಬನ್ನಿ ಸ್ಪೋರ್ಟ್ಸ್‌ಮನ್, ಬ್ಯಾಕ್‌ಲಾಗ್ ಎಷ್ಟು?’ ಎಂಬ ಸ್ವಾಗತ. ಒಂದೂ ಇಲ್ಲ ಎಂದರೆ ನಗುತ್ತಾರೆ, ನಂಬುವುದಿಲ್ಲ. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ, ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಎಂಬುದು ಅದೇ ಕ್ಲಾಸಿನ ಎಲ್ಲರಿಗೂ ಗೊತ್ತು. ಅದು ದೊಡ್ಡವರ ವಿಷಯ, ನಮಗೆ ಅನ್ವಯಿಸದು.

ಮೊನ್ನೆ ನಮ್ಮ ಜೂನಿಯರ್ ಒಬ್ಬ ‘ಅಣ್ಣ, ನಮ್ಮದು ಟಯರ್ ತ್ರೀ ಅಲ್ವಾ, ಅಪ್ಲೈ ಮಾಡಿ ಏನು ಪ್ರಯೋಜನ’ ಎಂದ. ಹೊರಗಿನವರ ಪಟ್ಟಿಗಿಂತ ನನಗೆ ಭಯ ಹುಟ್ಟಿಸಿದ್ದು ಇದು. ಅವನಿನ್ನೂ ಮೂರನೇ ಸೆಮಿಸ್ಟರ್. ಅರ್ಜಿ ತೆರೆಸಿ, ಪಕ್ಕದಲ್ಲೇ ಕೂತು ತುಂಬಿಸಿದೆ. ಬಲವಂತವಾಗಿಯೇ.

ಅಕ್ಕ ಹೋಗಿ ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಲ್ಲಿನ ಮಹಿಳೆಯರ ವಾಲಿಬಾಲ್ ಪಂದ್ಯ ನೋಡಲು ಹೋಗಿದ್ದಳಂತೆ. ಅವಳ ಲ್ಯಾಬಿನಲ್ಲೇ ಕೆಲಸ ಮಾಡುವ ಪದವಿ ವಿದ್ಯಾರ್ಥಿನಿ ಆ ತಂಡದ ಸೆಟ್ಟರ್. ಗ್ಯಾಲರಿಯಲ್ಲಿ ಇನ್ನೂರು ಜನವೂ ಇರಲಿಲ್ಲವಂತೆ. ವಿಡಿಯೊ ಕಾಲ್‌ನಲ್ಲಿ ದೊಡ್ಡಪ್ಪ ಕೇಳಿದರು, ‘ನಿಮ್ಮ ಡಿವಿಷನ್ ತ್ರೀ ಗೆದ್ದಿತಾ?’ ಸೋತರು ಎಂದಳು ಅಕ್ಕ. ‘ಹೋಗ್ಲಿ ಬಿಡು. ಆ ಹುಡುಗಿಗೆ ನಾಳೆ ಕ್ಲಾಸ್ ಇರುತ್ತಲ್ವಾ?’ ಎಂದರು ದೊಡ್ಡಪ್ಪ.